ಎಲಿಜಬೆತ್ ಬೆನೆಟ್: ನಗೆಯೂ ನಾಚಿಕೆಯೂ

ಮೆರಿಟನ್ ಊರಿನ ನೃತ್ಯಕೂಟದಲ್ಲಿ ಸಿರಿವಂತ ಡಾರ್ಸಿ, ಎಲಿಜಬೆತ್ ತನ್ನ ಜೊತೆ ಕುಣಿಯುವಷ್ಟು ಚೆಲುವೆಯೇನಲ್ಲ ಎಂದುಬಿಡುತ್ತಾನೆ. ಮಾತು ಅವಳ ಕಿವಿಗೇ ಬೀಳುತ್ತದೆ. ಇನ್ನೊಬ್ಬ ನಾಯಕಿಯಾಗಿದ್ದರೆ ಕೋಣೆ ಸೇರಿ ಅಳುತ್ತಿದ್ದಳೇನೋ. ಇವಳು ಆ ಅವಮಾನವನ್ನೇ ಗೆಳತಿಯರ ಮುಂದೆ ರಸವತ್ತಾಗಿ ಬಣ್ಣಿಸಿ ನಗಿಸುತ್ತಾಳೆ. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ 1813ರಲ್ಲಿ ಪ್ರಕಟವಾಯಿತು. ಓದುಗರು ಇಂದಿಗೂ ಈ ಹುಡುಗಿಗೆ ಮರುಳಾಗುತ್ತಲೇ ಇದ್ದಾರೆ.

ಚುರುಕು ನಾಲಗೆಯೊಂದರಿಂದಲೇ ಪಾತ್ರವೊಂದು ಇನ್ನೂರು ವರ್ಷ ಬಾಳದು. ಇವಳ ನಗೆಯ ಹಿಂದೆ ನಿಜವಾದ ಅಪಾಯವಿದೆ. ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು. ಆಸ್ತಿ ಗಂಡು ವಾರಸುದಾರನಿಗೇ ಸೇರಬೇಕೆಂಬ ಕಟ್ಟು ಇರುವುದರಿಂದ, ಅಪ್ಪ ಕಣ್ಣು ಮುಚ್ಚಿದ ಮೇಲೆ ಮನೆ ನೆಂಟ ಕಾಲಿನ್ಸ್‌ನ ಪಾಲು. ಆ ಕಾಲಿನ್ಸನೇ ಬಂದು ಎಲಿಜಬೆತ್‌ಳ ಕೈ ಕೇಳುತ್ತಾನೆ. ತಾನೇಕೆ ಮದುವೆಯಾಗಬೇಕೆಂಬ ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಒಲ್ಲೆ ಎಂದರೆ ಅದನ್ನು ಹೆಣ್ಣಿನ ಬಿನ್ನಾಣವೆಂದು ತಿಳಿಯುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಪ್ರಸಂಗ. ಆದರೆ ಅವಳು ಬೇಡವೆಂದದ್ದು ತಾನು ಹುಟ್ಟಿ ಬೆಳೆದ ಸೂರನ್ನೇ. ತಾಯಿಯ ಕಾಲಾನಂತರ ಅವಳಿಗೆ ದಕ್ಕುವುದು ಸಾವಿರ ಪೌಂಡು, ಇದನ್ನೂ ಕಾಲಿನ್ಸನೇ ನೆನಪಿಸುತ್ತಾನೆ! (ಈ ಕಾದಂಬರಿಯ ಹಕ್ಕನ್ನು ಆಸ್ಟಿನ್ ಮಾರಿದ್ದು 110 ಪೌಂಡಿಗೆ. ಅವಳು ಡಾರ್ಸಿಗೆ ಕೊಟ್ಟ ವರಮಾನ ವರ್ಷಕ್ಕೆ ಹತ್ತು ಸಾವಿರ.)

ಮೂರು ದಿನದೊಳಗೆ ಕಾಲಿನ್ಸನನ್ನು ಒಪ್ಪಿಕೊಂಡವಳು ಗೆಳತಿ ಶಾರ್ಲಟ್. ವಯಸ್ಸು 27, ರೂಪವಿಲ್ಲ, ಹಣವಿಲ್ಲ. ಎಲಿಜಬೆತ್‌ಗೆ ಇದನ್ನು ಸಹಿಸಲಾಗದು. ಇಲ್ಲಿ ನನಗೆ ಶಾರ್ಲಟ್ ಕಡೆಯೇ ನ್ಯಾಯ ಕಾಣುತ್ತದೆ. ಆಸ್ಟಿನ್‌ಗೂ ಸ್ವಲ್ಪ ಹಾಗೆ ಅನ್ನಿಸಿರಬೇಕು. ಮುಂದೆ ಎಲಿಜಬೆತ್ ಆ ದಂಪತಿಯ ಮನೆಗೆ ಹೋದಾಗ, ಶಾರ್ಲಟ್ ತಾನು ಕೂರಲು ಹಿಂಬದಿಯ ಸಾಧಾರಣ ಕೋಣೆ ಆರಿಸಿಕೊಂಡಿರುತ್ತಾಳೆ. ಕೋಣೆ ಚೆನ್ನಾಗಿದ್ದರೆ ಗಂಡ ಪದೇ ಪದೇ ಅಲ್ಲಿಗೇ ಬಂದಾನು! ಈ ಜಾಣತನವನ್ನು ಎಲಿಜಬೆತ್ ಒಳಗೊಳಗೇ ಮೆಚ್ಚಬೇಕಾಗುತ್ತದೆ.

ಎಲಿಜಬೆತ್‌ಳ ದೊಡ್ಡ ಸೋಲು ಸೇನಾಧಿಕಾರಿ ವಿಕಮ್ ವಿಷಯದಲ್ಲಿ. ಪರಿಚಯವಾದ ಮರುದಿನವೇ ಡಾರ್ಸಿಯ ಮೇಲೆ ಚಾಡಿ ಹೇಳುವವನನ್ನು, ಮೊಗ ಚೆನ್ನಾಗಿದೆಯೆಂದು ನಂಬಿಬಿಡುತ್ತಾಳೆ. ಆ ಚಾಡಿಗೆ ಉತ್ತರವಾಗಿ ಡಾರ್ಸಿ ಬರೆದ ಪತ್ರ ಕೈಗೆ ಬಂದಾಗ ಮೊದಲು ಸುಳ್ಳೆಂದು ಮಡಚಿಡುತ್ತಾಳೆ. ಅರೆನಿಮಿಷದಲ್ಲಿ ಮತ್ತೆ ಬಿಚ್ಚಿ, ಸಾಲು ಸಾಲಾಗಿ ತೂಗಿ ನೋಡಿ, ತನ್ನ ಬುದ್ಧಿಯ ಜಂಬಕ್ಕೆ ತಾನೇ ನಾಚುತ್ತಾಳೆ. ಊರನ್ನೆಲ್ಲ ನೋಡಿ ನಕ್ಕವಳು ತನ್ನತ್ತ ತಿರುಗುವ ಈ ಗಳಿಗೆಯೇ ಅವಳನ್ನು ಉಳಿಸಿದ್ದು.

ತೆರೆಗೆ ತಂದವರಿಗೆ ಮನಸ್ಸಿನೊಳಗಿನ ಈ ತಿರುವನ್ನು ತೋರಿಸುವುದು ಕಷ್ಟ. 1995ರ ಬಿಬಿಸಿ ಧಾರಾವಾಹಿಯಿಂದ ಜನ ನೆನಪಿಟ್ಟುಕೊಂಡದ್ದು ಕೊಳಕ್ಕೆ ಧುಮುಕಿ ಒದ್ದೆ ಅಂಗಿಯಲ್ಲಿ ಬರುವ ಡಾರ್ಸಿಯನ್ನು. ಆ ದೃಶ್ಯ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಎಲಿಜಬೆತ್‌ಳನ್ನು ತೆರೆಯ ಮೇಲಷ್ಟೇ ಕಂಡವರು, ಅವಳು ಆ ಪತ್ರವನ್ನು ತೂಗಿ ನೋಡುವ 36ನೆಯ ಅಧ್ಯಾಯವನ್ನಾದರೂ ಓದಲಿ.