ಚೌಕಾವರಣದೊಳಗಿನ ‘ಅಸೋಕ’: ಶಾಸನಗಳ ಮಾರ್ಕಪ್ ತರಬೇತಿಯ ಬಗ್ಗೆ ಒಂದು ತಕರಾರು

ಶಾಸನಪಾಠಗಳಿಗೆ ಎಕ್ಸ್‌ಎಂಎಲ್‌ನಲ್ಲಿ ಗುರುತು ಹಾಕುವುದನ್ನು ಕಲಿಸುವ ತರಬೇತಿಗಳಲ್ಲಿ ನಾನು ಕಂಡದ್ದು ಹೆಚ್ಚುಕಡಿಮೆ ಒಂದೇ ಕ್ರಮ. ಮೊದಲು ತಂತ್ರಾಂಶ ಅಳವಡಿಸುವುದು, ಆಮೇಲೆ ಟ್ಯಾಗುಗಳ ಪಟ್ಟಿ, ಕೊನೆಗೆ ಪ್ರಮಾಣಪತ್ರ. ಕಲಿತವರು ಕಡತವನ್ನು ದೋಷವಿಲ್ಲದೆ ಉಳಿಸಬಲ್ಲರು. ಪರದೆಯ ಮೇಲೆ ಹಸಿರು ಗುರುತು ಬಂತೆಂದರೆ ಕೆಲಸ ಮುಗೀತು. ನನ್ನ ತಕರಾರು ಇರೋದು ಆ ಹಸಿರು ಗುರುತಿನ ಬಗ್ಗೆಯೇ. ಕಡತದ ರಚನೆ ಸರಿಯಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಕಲ್ಲಿನ ಬಗ್ಗೆ ನಾವು ಹೇಳಿದ್ದು ನಿಜವೋ ಸುಳ್ಳೋ ಅದಕ್ಕೆ ತಿಳಿಯದು.

ಇದು ಎಷ್ಟು ದೊಡ್ಡ ವಿಷಯ ಅನ್ನೋದಕ್ಕೆ ಮಸ್ಕಿಯನ್ನೇ ನೋಡಿ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಇಲ್ಲಿನ ಬಂಡೆಯ ಮೇಲಿನ ಬ್ರಾಹ್ಮಿ ಬರಹವನ್ನು ಬೆಳಕಿಗೆ ತಂದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಹೊರತಂದರು. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಿದ್ದವು, ರಾಜನ ಹೆಸರಿರಲಿಲ್ಲ. ಮಸ್ಕಿಯಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದಿದೆ. ಸಿಂಹಳದ ವೃತ್ತಾಂತಗಳ ನೆರವಿನಿಂದ ವಿದ್ವಾಂಸರು ಮಾಡಿಕೊಂಡಿದ್ದ ಊಹೆಗೆ ಕಲ್ಲೇ ಸಾಕ್ಷಿ ನುಡಿಯಿತು. ಗುಜರ್‍ರಾ, ನಿಟ್ಟೂರು, ಉದೇಗೊಳಗಳಲ್ಲಿ ಆ ಹೆಸರು ಸಿಕ್ಕಿದ್ದು ಆಮೇಲೆ.

ಈಗ ತರಬೇತಿಗೆ ಬನ್ನಿ. ಶಾಸನಗಳಿಗೆ ಹೆಚ್ಚಾಗಿ ಬಳಸುವ ಪದ್ಧತಿ ಎಪಿಡಾಕ್. ಟಿಇಐ ಎಂಬ ದೊಡ್ಡ ನಿಯಮಾವಳಿಯಿಂದ ಶಾಸನಗಳಿಗೆ ಬೇಕಾದಷ್ಟನ್ನು ಆರಿಸಿಕೊಂಡು, 1990ರ ದಶಕದ ಕೊನೆಯಲ್ಲಿ ಟಾಮ್ ಎಲಿಯಟ್ ಇದನ್ನು ಶುರುಮಾಡಿದರು. ಗ್ರೀಕ್-ಲ್ಯಾಟಿನ್ ಶಾಸನಗಳು ಇದರ ತವರು. ಅಲ್ಲಿನ ಮುದ್ರಣ ಸಂಕೇತಗಳು 1931ರ ಲೈಡನ್ ಒಪ್ಪಂದದವು. ಅದರ ಪ್ರಕಾರ ಚೌಕಾವರಣದೊಳಗಿನ ಅಕ್ಷರ ಕಲ್ಲಿನಲ್ಲಿ ಪೂರ್ತಿ ಅಳಿದುಹೋಗಿದೆ, ಸಂಪಾದಕರು ಊಹಿಸಿ ತುಂಬಿದ್ದಾರೆ. ಅಕ್ಷರ ಮಸುಕಾಗಿ ಕಂಡರೆ ಅದರ ಕೆಳಗೆ ಚುಕ್ಕಿ. ಎಪಿಡಾಕ್‌ನಲ್ಲಿ ಮೊದಲನೆಯದಕ್ಕೆ ‘ಸಪ್ಲೈಡ್’, ಎರಡನೆಯದಕ್ಕೆ ‘ಅನ್‌ಕ್ಲಿಯರ್’ ಎಂಬ ಟ್ಯಾಗು.

ನಮ್ಮ ವಾಡಿಕೆ ಬೇರೆ. ಎಪಿಗ್ರಾಫಿಯಾ ಇಂಡಿಕಾದ ಸಂಪಾದಕರು ಸಾಮಾನ್ಯವಾಗಿ ಚೌಕಾವರಣ ಹಾಕಿದ್ದು ಸವೆದ, ಆದರೂ ಕಣ್ಣಿಗೆ ಬಿದ್ದ ಅಕ್ಷರಕ್ಕೆ. ತಾವೇ ಸೇರಿಸಿದ್ದಕ್ಕೆ ಆವರಣದೊಳಗೆ ನಕ್ಷತ್ರ ಚಿಹ್ನೆ ಇಟ್ಟರು. ಸಂಪಾದಕರಿಂದ ಸಂಪಾದಕರಿಗೆ ಇದೂ ಅಷ್ಟಿಷ್ಟು ಬದಲಾಗುತ್ತದೆ. ಲೈಡನ್ ಕೋಷ್ಟಕವನ್ನಷ್ಟೇ ಬಾಯಿಪಾಠ ಮಾಡಿದ ಹುಡುಗ ನಮ್ಮ ಹಳೆಯ ಸಂಪುಟ ತೆರೆದು, ‘ಹುಡುಕು-ಬದಲಿಸು’ ಆಜ್ಞೆ ಕೊಟ್ಟು ಎಲ್ಲ ಚೌಕಾವರಣಗಳನ್ನೂ ‘ಸಪ್ಲೈಡ್’ ಮಾಡಿದರೆ? ‘ಅಸೋಕಸ’ದ ಒಂದಕ್ಷರ ಹಾಗೆ ಆವರಣದಲ್ಲಿದ್ದರೆ, ಅದು ಕಲ್ಲಿನ ಮೇಲಿಲ್ಲ, ಸಂಪಾದಕರ ಊಹೆ ಎಂದು ಕಡತ ಸಾರುತ್ತದೆ. ಹಸಿರು ಗುರುತೇನೋ ಬರುತ್ತದೆ. ಮಸ್ಕಿಗೆ ಇರುವ ಮಹತ್ವವೇ ಒಂದು ಟ್ಯಾಗಿನಲ್ಲಿ ಕರಗಿಹೋಗುತ್ತದೆ.

ಎರಡನೆಯ ತೊಡಕು ಅಕ್ಷರದ್ದು. ರೋಮನ್ ಲಿಪಿಯಲ್ಲಿ ವ್ಯಂಜನ ಬೇರೆ, ಸ್ವರ ಬೇರೆ. ನಮ್ಮಲ್ಲಿ ‘ಸೋ’ ಒಂದೇ ಅಕ್ಷರ. ಒತ್ತುಪಡಿಯಲ್ಲಿ ಸಕಾರ ಖಚಿತವಾಗಿದ್ದು ಓಕಾರದ ಗೆರೆ ಮಾತ್ರ ಸಂಶಯವಾಗಿರಬಹುದು. ಟ್ಯಾಗನ್ನು ಸ್ವರಚಿಹ್ನೆಗಷ್ಟೇ ಹಾಕಿದರೆ ಯುನಿಕೋಡ್ ಅಕ್ಷರ ಒಡೆದು, ಚಿಹ್ನೆ ಚುಕ್ಕಿಗಳ ವೃತ್ತದ ಮೇಲೆ ಹೋಗಿ ಕೂರುತ್ತದೆ. ಹನ್ನೊಂದನೇ ಶತಮಾನದ ಕನ್ನಡ ಶಾಸನಕ್ಕೆ ಬಂದರೆ ಇನ್ನೊಂದು ಪ್ರಶ್ನೆ: ಎ-ಏ, ಒ-ಓ ಭೇದವನ್ನು ಕಂಡರಣೆಗಾರ ಸಾಮಾನ್ಯವಾಗಿ ತೋರಿಸುವುದಿಲ್ಲ, ದೀರ್ಘ ಹಾಕುವವರು ನಾವು. ಹಾಗಾದರೆ ಆ ದೀರ್ಘ ಕಲ್ಲಿನದೋ ಸಂಪಾದಕರದೋ? ಭಾರತ ಮತ್ತು ಆಗ್ನೇಯ ಏಷ್ಯಾದ ಶಾಸನಗಳಿಗಾಗಿ ಯುರೋಪಿನಲ್ಲಿ 2019ರಲ್ಲಿ ಶುರುವಾದ ‘ಧರ್ಮ’ ಯೋಜನೆ ಇಂಥ ಪ್ರಶ್ನೆಗಳಿಗಾಗಿಯೇ ವಿವರವಾದ ಕೈಪಿಡಿ ಬರೆದಿದೆ. ಅವರ ದಾರಿ ರೋಮನ್ ಲಿಪ್ಯಂತರದ್ದು. ಒಳಗಿನ ಕಡತ ಹಾಗೇ ಇರಲಿ, ಓದುಗನ ಮುಂದೆ ಕನ್ನಡ ಬರಲಿ ಎನ್ನುವುದು ನನ್ನ ಪಕ್ಷ. ಆದರೆ ಆ ಆಯ್ಕೆ ಯಾಕೆ ಎಂಬುದನ್ನು ಕಲಿಯುವವನಿಗೆ ಹೇಳಬೇಕಲ್ಲ!

ಮೂರನೆಯದು ಊರು. ಹಳೆಯ ಪುಸ್ತಕಗಳಲ್ಲಿ ಮಸ್ಕಿ ಇರುವುದು ಲಿಂಗಸುಗೂರು ತಾಲೂಕಿನಲ್ಲಿ. ಈಗ ಮಸ್ಕಿಯೇ ತಾಲೂಕು. ಲಿಂಗಸುಗೂರಿನ ಜೊತೆಗೆ ಸಿಂಧನೂರು, ಮಾನ್ವಿ ತಾಲೂಕುಗಳ ಹಳ್ಳಿಗಳೂ ಅದಕ್ಕೆ ಸೇರಿವೆ. 1915ರಲ್ಲಿ ಇದು ನಿಜಾಮರ ರಾಜ್ಯ, 1956ರಿಂದ ಮೈಸೂರು, 1973ರಿಂದ ಕರ್ನಾಟಕ. ತಾಲೂಕಿನ ಹೆಸರನ್ನೇ ಶಾಸನದ ವಿಳಾಸ ಮಾಡಿದರೆ ಒಂದೇ ಕಲ್ಲು ಎರಡು ಕಡೆ ಎಣಿಕೆಯಾಗುತ್ತದೆ, ಇಲ್ಲವೇ ಎಲ್ಲೂ ಸಿಗುವುದಿಲ್ಲ. ಊರಿಗೆ ಬದಲಾಗದ ಗುರುತುಸಂಖ್ಯೆ ಇರಬೇಕು, ಆಡಳಿತದ ವಿವರಕ್ಕೆ ಕಾಲಸೂಚನೆ ಇರಬೇಕು. ಇನ್ನು ಇಲ್ಲಿನ ಕನ್ನಡ ಶಾಸನಗಳೊಳಗೆ ಬರುವ ‘ಪಿರಿಯ ಮೊಸಂಗಿ’ ಬೇರೆಯೇ ಟ್ಯಾಗು: ಅದು ಪಾಠದೊಳಗಿನ ಸ್ಥಳನಾಮ. ಚೋಳರ ದಾಖಲೆಗಳ ‘ಮುಶಂಗಿ’ಯನ್ನು ಮಸ್ಕಿ ಎಂದವರಿದ್ದಾರೆ, ಉಚ್ಚಂಗಿ ಎಂದವರೂ ಇದ್ದಾರೆ. ಅಲ್ಲಿ ಟ್ಯಾಗಿನ ಜೊತೆ ‘ಖಚಿತತೆ ಕಡಿಮೆ’ ಎಂಬ ಗುಣವನ್ನೂ ದಾಖಲಿಸಲು ಎಪಿಡಾಕ್‌ನಲ್ಲಿ ಅವಕಾಶವಿದೆ. ಪಟ್ಟಿ ಕಲಿಸುವ ಪಾಠದಲ್ಲಿ ಅದಕ್ಕೆ ಬಿಡುವಿರುವುದಿಲ್ಲ.

ಇವೆಲ್ಲ ತಾಂತ್ರಿಕ ಕಿರಿಕಿರಿ ಎಂದು ತಳ್ಳಿಹಾಕುವವರಿದ್ದಾರೆ. ಕಂಪ್ಯೂಟರ್ ಬಲ್ಲವರು ಟ್ಯಾಗು ಹಾಕಲಿ, ಶಾಸನ ಬಲ್ಲವರು ಆಮೇಲೆ ನೋಡಿಕೊಳ್ಳಲಿ ಎಂಬುದು ಅವರ ವಾದ. ಆದರೆ ಟ್ಯಾಗು ಹಾಕುವ ಹೊತ್ತಿನಲ್ಲೇ ಪಾಠವಿಮರ್ಶೆ ನಡೆದುಹೋಗಿರುತ್ತದೆ. ಮಸ್ಕಿಯ ಶಾಸನದಲ್ಲಿ ಬುದ್ಧನ ಹೆಸರಿನ ಮುಂದಿನ ಭಾಗವನ್ನು ‘ಶಕೆ’ ಎಂದು ಓದಿದವರಿದ್ದಾರೆ, ‘ಉಪಾಸಕೆ’ ಎಂದು ಓದಿದವರೂ ಇದ್ದಾರೆ. ಒಂದೇ ಓದನ್ನು ಕಡತಕ್ಕಿಳಿಸಿ ಇನ್ನೊಂದನ್ನು ಬಿಟ್ಟರೆ, ಮುಂದೆ ಹುಡುಕುವವನಿಗೆ ಆ ಚರ್ಚೆ ನಡೆದದ್ದೇ ತಿಳಿಯುವುದಿಲ್ಲ. ಮುದ್ರಿತ ಪುಸ್ತಕದ ಅಡಿಟಿಪ್ಪಣಿಯಲ್ಲಾದರೂ ಅದು ಉಳಿದಿರುತ್ತಿತ್ತು.

ಹಾಗಾಗಿ ತರಬೇತಿಯ ಕ್ರಮ ತಿರುಗಲಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ ಇದೆ. ಆ ಎರಡೂ ಊರಿನ ಕಾಲೇಜು ಮಕ್ಕಳು ಬಸ್ಸು ಹತ್ತಿದರೆ ಬಂಡೆಯ ಮುಂದೆ ಇಳಿಯಬಹುದು. ಮೊದಲ ದಿನ ಕಲ್ಲು, ಒತ್ತುಪಡಿಯ ಚಿತ್ರ ಮತ್ತು ಮುದ್ರಿತ ಪಾಠ. ಎರಡನೇ ದಿನ ಪ್ರತಿ ಆವರಣದ ಎದುರು ಬರೀ ಕನ್ನಡದಲ್ಲಿ ‘ಕಂಡೆ’, ‘ಮಸುಕಾಗಿ ಕಂಡೆ’, ‘ಕಾಣಲಿಲ್ಲ, ಊಹಿಸಿದೆ’ ಎಂದು ಬರೆಯುವ ಅಭ್ಯಾಸ. ಕಂಪ್ಯೂಟರ್ ತೆರೆಯೋದು ಮೂರನೇ ದಿನ. ಅಷ್ಟರಲ್ಲಿ ಟ್ಯಾಗುಗಳಿಗೆ ಹೆಚ್ಚು ವಿವರಣೆಯೂ ಬೇಕಾಗಿರುವುದಿಲ್ಲ. ಪ್ರಮಾಣಪತ್ರ ಕೊಡುವ ಮುನ್ನ ಒಂದೇ ಪ್ರಶ್ನೆ ಕೇಳಿದರೆ ಸಾಕು: ‘ಈ ಟ್ಯಾಗು ಹಾಕಿದ್ದೀಯಲ್ಲ, ಇದಕ್ಕೆ ಕಲ್ಲಿನಲ್ಲಿ ಏನಪ್ಪಾ ಆಧಾರ?’