ಆ ಹುಡುಗಿಯ ದನಿ, ಬಿದ್ದು ಅವರ ತಾಳ

ಚಿಕ್ಕಂದಿನಲ್ಲಿ ಮದುವೆಮನೆಯ ಮೈಕ್‌ಸೆಟ್‌ನಲ್ಲಿ ಕೇಳಿ ತಲೆಗೆ ಹತ್ತಿದ ಹಾಡುಗಳಲ್ಲಿ ಮೊದಲನೆಯದು 'ಆಪ್ ಜೈಸಾ ಕೋಯಿ'. 1980ರ 'ಕುರ್ಬಾನಿ' ಚಿತ್ರದ್ದು. ಮಿಕ್ಕ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿ ಅವರವು. ಇದೊಂದನ್ನು ಮಾತ್ರ ಲಂಡನ್ನಿನಲ್ಲಿ ಕೂತು ಮಾಡಿಕೊಟ್ಟವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವ, ಬಿದ್ದು ಅಪ್ಪಯ್ಯ.

ಇಂದಿಗೂ ಇಯರ್‌ಫೋನ್ ಹಾಕಿ ಕೇಳಿದರೆ ಅವರ ಕೈಚಳಕ ಬೆರಗು ಹುಟ್ಟಿಸುತ್ತದೆ. ಡ್ರಮ್ಮಿನ ಪೆಟ್ಟು ಎಲ್ಲೂ ಅವಸರ ಮಾಡುವುದಿಲ್ಲ, ಗಡಿಯಾರದಂತೆ ಒಂದೇ ಸಮ ಬೀಳುತ್ತದೆ. ಅದರಡಿ ಬೇಸ್ ಗಿಟಾರ್ ಮಾತ್ರ ತುಂಟಾಟ ಆಡುತ್ತಿರುತ್ತದೆ. ಮೇಲೆ ನಾಜಿಯಾ ಹಸನ್ ದನಿ: ತೆಳು, ತುಸು ಮೂಗಿನದು, ಆಲಾಪದ ಹಂಗಿಲ್ಲ. ಆಗ ಆಕೆಗೆ ಹದಿನೈದರ ಆಸುಪಾಸು. ಅದೇ ದನಿಯನ್ನು ಎರಡೆರಡು ಸಲ ಮುದ್ರಿಸಿ ಒಂದರ ಮೇಲೊಂದು ಕೂರಿಸಿದ್ದಾರೆ ಬಿದ್ದು. ಎರಡು ಪದರಗಳ ನಡುವಿನ ಕೂದಲೆಳೆಯ ವ್ಯತ್ಯಾಸವೇ ಆ ಮಿನುಗು. ಲತಾ, ಆಶಾ ಅವರ ಪಳಗಿದ ಕಂಠಕ್ಕೆ ಇದು ಒಗ್ಗುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ.

ಇದೇ ಬಿದ್ದು 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಮಾಡಿದ್ದರು. ರೆಕಾರ್ಡಿನ ಹಿಂಬದಿ ತುಂಬಲೆಂದು ಸ್ಟುಡಿಯೋದ ಉಳಿದ ಸಮಯದಲ್ಲಿ ಗಡಿಬಿಡಿಯಿಂದ ಮುಗಿಸಿದ ಹಾಡದು. ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಬೇಸ್ ಸತ್ತುಹೋಗುತ್ತದೆ.