‘ಶಿಕಾರಿ’ಯ ಊರಿನವನು

ಊರು ಬಿಟ್ಟು ಬಂದವರು ಓದಲೇಬೇಕಾದ ಪತ್ತೇದಾರಿ ಕಾದಂಬರಿ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಯಶವಂತ ಚಿತ್ತಾಲರ ‘ಶಿಕಾರಿ’ಯ ಹೆಸರು ಹೇಳುತ್ತೇನೆ. 1979ರ ಈ ಕೃತಿಯನ್ನು ಪತ್ತೇದಾರಿ ಎಂದರೆ ಪಂಡಿತರು ಹುಬ್ಬು ಗಂಟಿಕ್ಕಿಯಾರು. ಗಂಟಿಕ್ಕಲಿ ಬಿಡಿ. ಇದರಲ್ಲಿ ಆರೋಪಿ ಇದ್ದಾನೆ, ಸಂಚು ಇದೆ, ಬೆನ್ನಟ್ಟುವವರಿದ್ದಾರೆ. ಆರೋಪ ಏನು ಅನ್ನುವುದು ಮಾತ್ರ ಗೊತ್ತಿಲ್ಲ. ಮುಂಬಯಿಯ ರಾಸಾಯನಿಕ ಕಂಪನಿಯೊಂದರಲ್ಲಿ ಮೇಲೇರಿದ ನಾಗಪ್ಪನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಯಾಕೆ ಅಂತ ಹೇಳುವುದಿಲ್ಲ. ಪತ್ತೆ ಮಾಡಬೇಕಾದವನೂ ಅವನೇ.

ಚಿತ್ತಾಲರಿಗೆ ಈ ಲೋಕ ಕೇಳಿ ತಿಳಿದದ್ದಲ್ಲ. ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋದ ಅವರು ಪಾಲಿಮರ್ ತಂತ್ರಜ್ಞರು. ಅವರು ದುಡಿದ ಬೇಕಲೈಟ್ ಹೈಲಮ್ ಕಂಪನಿಯ ಕಾರ್ಖಾನೆ ಇಲ್ಲೇ, ನಮ್ಮ ಹೈದರಾಬಾದಿನ ಸನತ್‌ನಗರದಲ್ಲಿತ್ತು. ನಗುನಗುತ್ತಲೇ ಕತ್ತು ಕೊಯ್ಯುವ ಆಫೀಸಿನ ಸಭ್ಯತೆಯನ್ನು ಕನ್ನಡದಲ್ಲಿ ಅವರಷ್ಟು ಚೆನ್ನಾಗಿ ಬರೆದವರು ನನಗೆ ಕಂಡಿಲ್ಲ.

ಮೊನ್ನೆ ಮಾದಾಪುರದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಹದಿನೈದು ನಿಮಿಷದ ಮೀಟಿಂಗಿನಲ್ಲಿ ಅವನ ಕೆಲಸ ಹೋಗಿತ್ತು. ಕಾರಣ ಕೇಳಿದರೆ ‘ಬಿಸಿನೆಸ್ ನೀಡ್ಸ್’ ಅಂದರಂತೆ. ಚಹಾ ಕುಡಿದು ಹೊರಡುವಾಗ ಅವನು ಬೇಡಿಕೊಂಡದ್ದು ಒಂದೇ ಮಾತು: “ಸರ್, ಊರಿಗೆ ಮಾತ್ರ ತಿಳಿಸಬೇಡ್ರಿ.” ‘ಶಿಕಾರಿ’ ಅಂದರೆ ಏನು ಅಂತ ಅವತ್ತು ನನಗೆ ಇನ್ನಷ್ಟು ಸ್ಪಷ್ಟವಾಯಿತು. ಕಂಪನಿಯ ಭಯ ಅರ್ಧ. ಉಳಿದರ್ಧ ಊರಿನದು.

ಈ ಕಾದಂಬರಿಯನ್ನು ಕಾಫ್ಕಾನ ‘ದಿ ಟ್ರಯಲ್’ ಜೊತೆ ಹೋಲಿಸುವ ರೂಢಿಯಿದೆ. ಎರಡರಲ್ಲೂ ಕಾರಣ ಹೇಳದ ಆರೋಪ, ನಿಜ. ಆದರೆ ಜೋಸೆಫ್ ಕೆ. ಕಷ್ಟದಲ್ಲಿದ್ದಾನೆಂದು ತಿಳಿದಾಗ ಅವನ ಅಂಕಲ್ ಹಳ್ಳಿಯಿಂದ ಓಡಿ ಬರುತ್ತಾನೆ, ವಕೀಲನ ಹತ್ತಿರ ಕರೆದೊಯ್ಯುತ್ತಾನೆ. ಫಲ ಸಿಗಲಿಲ್ಲ ಅನ್ನುವುದು ಬೇರೆ ಮಾತು. ನಾಗಪ್ಪನಿಗೆ ಎದುರಾಗುವ ಊರಿನವನು ಶ್ರೀನಿವಾಸ. ಬಾಲ್ಯದ ಪರಿಚಯ, ಮನೆತನದ ಕತೆಯೆಲ್ಲ ಬಲ್ಲವನು. ದೊಡ್ಡ ಪಟ್ಟಣದಲ್ಲಿ ‘ಇವನು ಇಂಥವರ ಮಗ, ಹೀಗೆ ಬೆಳೆದವನು’ ಎಂದು ಸಾಕ್ಷಿ ಹೇಳಬಲ್ಲವನು ಅವನೇ. ಅದೇ ಸಾಕ್ಷಿಯನ್ನು ತಿರುಗಿಸಿ ಹಿಡಿದರೆ ಕೊರಳಿಗೆ ಉರುಲು.

ಇಲ್ಲಿಯ ಕನ್ನಡ ಸಮಾರಂಭಗಳಿಗೆ ಹೋಗಿ ನೋಡಿ. ಹೆಸರು ಹೇಳುವ ಮೊದಲೇ “ಯಾವ ಊರ್ರಿ? ಯಾರ ಪೈಕಿ?” ಅಂತ ಕೇಳುತ್ತಾರೆ. ಕೇಳಿದೊಡನೆ ಜೀವಕ್ಕೆ ಹಿತ ಅನಿಸುತ್ತದೆ. ‘ಶಿಕಾರಿ’ ಓದಿದವನಿಗೆ ಆ ಹಿತದಡಿ ಸಣ್ಣದೊಂದು ಚಳಿಯೂ ಹುಟ್ಟುತ್ತದೆ. ಇವರಿಗೆ ನನ್ನ ಬಗ್ಗೆ ಇನ್ನೇನೇನು ಗೊತ್ತು?

ಕಾದಂಬರಿ ನಿಧಾನ. ನಾಗಪ್ಪ ಒಂದು ಹೆಜ್ಜೆ ಇಟ್ಟರೆ ಹತ್ತು ಪುಟ ಯೋಚಿಸುತ್ತಾನೆ. ಆಫೀಸಿನ ಶತ್ರುವಿನ ಮುಖ ಹುಡುಕಹೋದವನಿಗೆ ಸಿಗುವುದು ಊರಿನ ನೆನಪು, ಸತ್ತವರ ನೆನಪು, ತಾನೇ ಮುಚ್ಚಿಟ್ಟದ್ದು. ನೆನಪಿಗೂ ಗುಮಾನಿಗೂ ನಡುವಿನ ಗೆರೆ ಮಾಸುತ್ತಾ ಹೋಗುತ್ತದೆ. ಎಷ್ಟೋ ಕಡೆ ‘ಇದು ನಿಜವಾಗಿ ಸಂಚೋ, ಇವನ ತಲೆಯೊಳಗಿನದೋ’ ಅಂತ ಓದುಗನೇ ಪುಟ ಹಿಂದೆ ತಿರುವಬೇಕು. ಈ ನಿಧಾನ ನನಗೆ ಇಷ್ಟ, ಆದರೆ ಎಲ್ಲಾ ಕಡೆಯೂ ಅಲ್ಲ. ನಡುವಿನ ಕೆಲವು ತರ್ಕಸರಣಿಗಳು ಸುತ್ತಿದಲ್ಲೇ ಸುತ್ತುತ್ತವೆ. ಹೆಂಗಸರಂತೂ ನಾಗಪ್ಪ ತನ್ನ ಮುಖ ನೋಡಿಕೊಳ್ಳುವ ಕನ್ನಡಿಗಳಾಗಿಯೇ ಉಳಿಯುತ್ತಾರೆ. ಅವರಿಗೂ ಒಂದು ಊರಿದೆ, ಒಂದು ಭಯವಿದೆ ಅನ್ನುವುದಕ್ಕೆ ಜಾಗ ಸಾಲದು.

ಆ ಹುಡುಗನಿಗೆ ನನ್ನ ಪ್ರತಿ ಕೊಟ್ಟಿದ್ದೆ. ಎರಡು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಸೇರಿದವನು ಪುಸ್ತಕ ತಂದುಕೊಟ್ಟ. ಹೇಗಿತ್ತಪ್ಪಾ ಅಂದೆ.

“ಫಿರೋಜನಂಥವರು ಎಲ್ಲಾ ಆಫೀಸಿನ್ಯಾಗೂ ಇರ್ತಾರ ಬಿಡ್ರಿ. ಆ ಶ್ರೀನಿವಾಸ ನಮ್ಮ ಓಣಿಯವನಾ ಸರ್. ಹೆಸರು ಹೇಳಂಗಿಲ್ಲ.”